ಮುಯ್ಯಾಳಿನ ಲೆಕ್ಕ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಗಾದೆಯನ್ನು ಇಪ್ಪತ್ತೆಂಟು ವರ್ಷಗಳಿಂದ ಹೈಸ್ಕೂಲು ಮಕ್ಕಳಿಗೆ ವಿಸ್ತರಿಸಿ ಬರೆಯಲು ಕೊಡುತ್ತ ಬಂದಿದ್ದೇನೆ. ಮಕ್ಕಳು ಚೆನ್ನಾಗಿಯೇ ಬರೆಯುತ್ತಾರೆ. ದೇಶ ಸುತ್ತಿದರೆ ಜ್ಞಾನ ಬೆಳೆಯುತ್ತದೆ, ಕೋಶ ಓದಿದರೆ ಬುದ್ಧಿ ಬೆಳೆಯುತ್ತದೆ ಎಂದು ಬರೆದು ಮೂರಕ್ಕೆ ಮೂರು ಅಂಕ ತೆಗೆದುಕೊಳ್ಳುತ್ತಾರೆ. ಆದರೆ ಸುತ್ತುವವರು ಯಾರು, ಸುತ್ತಿಸುವವರು ಯಾರು, ಬಂಡಿಯ ಬಾಡಿಗೆ ಯಾರದು, ಸುತ್ತಿ ಬಂದವರು ಊರಿಗೆ ಏನು ತಂದರು ಎಂದು ಇದುವರೆಗೆ ಯಾವ ಮಗುವೂ ಬರೆದಿಲ್ಲ. ಮಕ್ಕಳು ಬರೆಯದಿದ್ದರೆ ಹೋಗಲಿ. ದೊಡ್ಡವರೂ ಕೇಳದೆ ಸುಮ್ಮನಿರುವುದು ನನಗೆ ಸರಿಕಾಣುವುದಿಲ್ಲ.

ಈಗ ನಮ್ಮ ಕಲಾವಲಯದಲ್ಲಿ 'ರೆಸಿಡೆನ್ಸಿ' ಎಂಬ ಮಾತು ಧಾರಾಳವಾಗಿ ಓಡಾಡುತ್ತಿದೆ. ನನ್ನ ವಯಸ್ಸಿನವರಿಗೆ ರೆಸಿಡೆನ್ಸಿ ಎಂದರೆ ಬೆಂಗಳೂರಿನ ರೆಸಿಡೆನ್ಸಿ ರಸ್ತೆ. ಮೈಸೂರು ಸಂಸ್ಥಾನದ ಮೇಲೆ ಒಂದು ಕಣ್ಣಿಡಲು ಬ್ರಿಟಿಷರು ನೇಮಿಸಿದ್ದ ರೆಸಿಡೆಂಟ್ ಸಾಹೇಬರ ಕಾಲದ ಹೆಸರು. ಕಲಾವಿದರ ರೆಸಿಡೆನ್ಸಿ ಅದಲ್ಲ. ಒಂದು ಊರಿನ ಕಲಾವಿದ ಇನ್ನೊಂದು ಊರಿಗೆ ಹೋಗಿ ಕೆಲವು ವಾರವೋ ಕೆಲವು ತಿಂಗಳೋ ಅಲ್ಲೇ ಇದ್ದು ಕೆಲಸ ಮಾಡಲು ಕೋಣೆ, ಕಾರ್ಯಾಗಾರ, ಊಟದ ಖರ್ಚು ಕೊಡುವ ಏರ್ಪಾಡು ಅದು. ಎರಡು ನಗರಗಳ ಸಂಸ್ಥೆಗಳು ಮಾತಾಡಿಕೊಂಡು ಅವರವರನ್ನು ಇಲ್ಲಿಗೆ, ಇವರವರನ್ನು ಅಲ್ಲಿಗೆ ಕಳಿಸಿದರೆ ಅದಕ್ಕೆ 'ವಿನಿಮಯ' ಎಂದು ಹೆಸರು. ಪ್ಯಾರಿಸ್ಸಿನಲ್ಲಿ 1965ರಲ್ಲಿ ಶುರುವಾದ ಅಂತರರಾಷ್ಟ್ರೀಯ ಕಲಾನಗರದಲ್ಲಿ ಇಂಥ ಮುನ್ನೂರಕ್ಕೂ ಹೆಚ್ಚು ಕಾರ್ಯಾಗಾರಗಳಿವೆ. ಬೇರೆ ಬೇರೆ ದೇಶಗಳೂ ನಗರಗಳೂ ಅಲ್ಲಿ ತಮ್ಮವರಿಗೆಂದು ಕೋಣೆ ಕಾಯ್ದಿರಿಸಿಕೊಂಡಿವೆ. ಇಂಗ್ಲೆಂಡಿನ ಶಿಲ್ಪಿ ಆಂಥನಿ ಕ್ಯಾರೊ ಮತ್ತು ರಾಬರ್ಟ್ ಲೋಡರ್ ಸೇರಿ 1982ರಲ್ಲಿ ಆರಂಭಿಸಿದ ಟ್ರಯಾಂಗಲ್ ಶಿಬಿರದ ಬಳ್ಳಿ ಹಬ್ಬಿ, 1997ರಲ್ಲಿ ದೆಹಲಿಯ ಹತ್ತಿರದ ಮೋದಿನಗರದಲ್ಲಿ 'ಖೋಜ್' ಎಂಬ ಶಿಬಿರವಾಗಿ ಚಿಗುರಿತು. ಬೆಂಗಳೂರಿನ ಶಾಂತಿರಸ್ತೆಯ ಒಂದನೆಯ ನಂಬರಿನ ಮನೆಯಲ್ಲಿ 2003ರಿಂದ ಸುರೇಶ್ ಜಯರಾಮ್ ಅವರು ದೇಶವಿದೇಶದ ಕಲಾವಿದರಿಗೆ ಬಾಗಿಲು ತೆರೆದಿಟ್ಟಿದ್ದಾರೆ. ಇವೆಲ್ಲ ಒಳ್ಳೆಯ ಕೆಲಸಗಳೇ. ನನ್ನ ಜಗಳ ಬಾಗಿಲು ತೆರೆದವರ ಮೇಲಲ್ಲ. ಆ ಬಾಗಿಲಿನಲ್ಲಿ ಯಾರು ಹಾಯಬಲ್ಲರು, ಯಾರ ಭುಜ ಚೌಕಟ್ಟಿಗೆ ತಾಗಿ ಹಿಂದೆ ಉಳಿಯುತ್ತದೆ ಎಂಬುದರ ಮೇಲೆ.

ನಮ್ಮ ಕಡೆಯ ಒಕ್ಕಲು ಮಕ್ಕಳಿಗೆ ವಿನಿಮಯವೆಂಬುದು ಹೊಸ ವಿದ್ಯೆಯಲ್ಲ. ಅದಕ್ಕೆ ಮುಯ್ಯಾಳು ಎನ್ನುತ್ತಾರೆ. ಇಂದು ನಿಮ್ಮ ಹೊಲದ ರಾಗಿ ಕೊಯ್ಲಿಗೆ ನಮ್ಮ ಮನೆಯ ಇಬ್ಬರು ಬಂದರೆ, ನಾಳೆ ನಮ್ಮ ಕೊಯ್ಲಿಗೆ ನಿಮ್ಮ ಮನೆಯ ಇಬ್ಬರು ಬರಬೇಕು. ಆಳಿಗೆ ಆಳು, ದಿನಕ್ಕೆ ದಿನ, ಮುದ್ದೆಗೆ ಮುದ್ದೆ. ಅದನ್ನು ಯಾರೂ ಕಾಗದದಲ್ಲಿ ಬರೆದಿಡುವುದಿಲ್ಲ. ಆದರೆ ತಪ್ಪಿದವನಿಗೆ ಮುಂದಿನ ಸುಗ್ಗಿಯಲ್ಲಿ ಆಳು ಸಿಕ್ಕುವುದಿಲ್ಲ. ನಗರ ನಗರಗಳ ನಡುವಿನ ಈ ಕಲಾವಿನಿಮಯವನ್ನು ನಾನು ಅಳೆಯುವುದು ಇದೇ ಕೊಳಗದಿಂದ. ಈ ಕೊಳಗದಲ್ಲಿ ಅಳೆದಾಗ ಲೆಕ್ಕ ಕೂಡುವುದಿಲ್ಲ, ಅದರಲ್ಲೂ ಶಿಲ್ಪಿಯ ಪಾಲಿಗೆ ಸುತರಾಂ ಕೂಡುವುದಿಲ್ಲ ಎಂಬುದೇ ನನ್ನ ವಾದ.

ಮೊದಲು ಒಂದು ಮಾತು ಒಪ್ಪಿಕೊಂಡು ಮುಂದುವರಿಯೋಣ. ಶಿಲ್ಪಿ ಊರೂರು ತಿರುಗುವುದು ನಿನ್ನೆ ಮೊನ್ನೆ ಹುಟ್ಟಿದ ಚಾಳಿಯಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ದೇವಾಲಯದಲ್ಲಿ ಕೆತ್ತಿದ ದಾಸೋಜ ಬೇಲೂರಿನವನಲ್ಲ. ಬಳ್ಳಿಗಾವೆಯವನು, ಇಂದಿನ ಶಿಕಾರಿಪುರ ತಾಲ್ಲೂಕಿನವನು. ಸುಮಾರು ಇನ್ನೂರು ಕಿಲೋಮೀಟರು ದಾರಿ. ಮಗ ಚಾವಣನೂ ಅಲ್ಲಿ ದುಡಿದ. ಇಬ್ಬರೂ ತಮ್ಮ ಹೆಸರನ್ನು ಬಿರುದಿನ ಸಮೇತ ವಿಗ್ರಹದ ಕೆಳಗೆ ಕೆತ್ತಿ ಹೋಗಿದ್ದಾರೆ. ಮುಂದಿನ ಶತಮಾನದಲ್ಲಿ ಮಲ್ಲಿತಮ್ಮನೆಂಬವನು ಸೋಮನಾಥಪುರದ ಗೋಡೆಯ ತುಂಬ ಮತ್ತೆ ಮತ್ತೆ ತನ್ನ ಹೆಸರು ಬರೆದ. ನಮ್ಮ ಶಿಲ್ಪಿಗಳು ಹೆಸರಿಲ್ಲದ ವಿನಯವಂತರು ಎಂದು ಭಾಷಣ ಮಾಡುವವರು ಒಮ್ಮೆ ಬೇಲೂರಿಗೆ ಹೋಗಿ ಬಗ್ಗಿ ನೋಡಲಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಎಲ್ಲರೂ ಹೊಯ್ಸಳ ಅರಸರ ಹೆಸರು ಹೇಳಿದರು. ನಾನು ಮಾತ್ರ ತರಗತಿಯಲ್ಲಿ ಬಳ್ಳಿಗಾವೆಯಿಂದ ಬಂದ ಅಪ್ಪ ಮಗನ ಹೆಸರನ್ನು ಕರಿಹಲಗೆಯ ಮೇಲೆ ಬರೆದೆ.

ಯುರೋಪಿನಲ್ಲೂ ಹೀಗೆಯೇ. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಕಾಲದಲ್ಲಿ, 1666ರಲ್ಲಿ, ರೋಮಿನಲ್ಲಿ ಒಂದು ಫ್ರೆಂಚ್ ಅಕಾಡೆಮಿ ತೆರೆದರು. ಸ್ಪರ್ಧೆಯಲ್ಲಿ ಗೆದ್ದ ಶಿಲ್ಪಿಗಳನ್ನೂ ಚಿತ್ರಕಾರರನ್ನೂ ಅಲ್ಲಿಗೆ ಕಳಿಸುತ್ತಿದ್ದರು. ಹೋದವರು ವರ್ಷಗಟ್ಟಲೆ ಅಲ್ಲಿರುತ್ತಿದ್ದರು. ಹಳೆಯ ರೋಮನ್ ವಿಗ್ರಹಗಳನ್ನು ನೋಡಿ ಪ್ರತಿ ಮಾಡಿ ದೊರೆಯ ಅರಮನೆಗೆ ಕಳಿಸುವುದು ಅವರ ಕೆಲಸ. ದೊರೆಯ ಸ್ವಾರ್ಥ ಇಲ್ಲದೆ ಇರಲಿಲ್ಲ. ಆದರೆ ಕಲ್ಲಿನ ಕೆಲಸ ವರ್ಷಗಳ ಕೆಲಸ ಎಂಬುದು ಆ ದೊರೆಗೆ ಗೊತ್ತಿತ್ತು. ಇಂದಿನ ವ್ಯವಸ್ಥಾಪಕರಿಗೆ ಅದು ಮರೆತಿದೆ.

ಊರು ಬಿಟ್ಟು ಹೋದದ್ದರಿಂದ ಶಿಲ್ಪಿಗೆ ಒಳ್ಳೆಯದಾದ ಉದಾಹರಣೆಗಳೂ ಬೇಕಾದಷ್ಟಿವೆ. ನನಗೆ ಬಹಳ ಪ್ರಿಯವಾದದ್ದು ಬಂಗಾಳದ ಮೀರಾ ಮುಖರ್ಜಿಯವರದು. ಅವರು 1953ರಲ್ಲಿ ಜರ್ಮನಿಯ ಮ್ಯೂನಿಕ್ಕಿಗೆ ಕಲಿಯಲು ಹೋದರು. ಅಲ್ಲಿ ಗುರುವಾಗಿದ್ದ ಟೋನಿ ಸ್ಟಾಡ್ಲರ್ ಅವರು ಯುರೋಪಿನವರ ಹಾಗೆ ಮಾಡು ಎನ್ನಲಿಲ್ಲ. ನಿನ್ನ ನೆಲದ ಕಡೆ ನೋಡು ಎಂದರು. ಮೀರಾ ತಿರುಗಿ ಬಂದು ಹೊಟ್ಟೆಪಾಡಿಗೆ ಕೆಲಕಾಲ ಶಾಲೆಯಲ್ಲಿ ಚಿತ್ರಕಲೆ ಕಲಿಸಿದರು. ಈ ಸಂಗತಿ ಓದಿದಾಗ ನನಗೆ ಆದ ಸಂತೋಷವನ್ನು ನನ್ನ ಸಹೋದ್ಯೋಗಿಗಳು ಮಾತ್ರ ಅರ್ಥಮಾಡಿಕೊಂಡಾರು. ಆಮೇಲೆ ಅವರು ಬಸ್ತರಿನ ಕಾಡಿಗೆ ಹೋಗಿ, ಜೇನುಮೇಣದ ಎಳೆ ಸುತ್ತಿ ಹಿತ್ತಾಳೆ ಎರಕ ಹೊಯ್ಯುವ ಕುಶಲಿಗಳ ಜೊತೆ ಕೂತು ಅವರ ಕೈಕೆಳಗೆ ಕಲಿತರು. ದೇಶದ ಲೋಹಕರ್ಮಿಗಳ ಮೇಲೆ ಅವರು ಬರೆದ ಪುಸ್ತಕ 1978ರಲ್ಲಿ ಅಚ್ಚಾಯಿತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತೇವೆ. ಮೀರಾ ಅವರಿಗೆ ಹಿತ್ತಲ ಗಿಡ ಮದ್ದೆಂದು ತಿಳಿಯಲು ಮ್ಯೂನಿಕ್ಕಿನವರೆಗೆ ಹೋಗಿಬರಬೇಕಾಯಿತು. ಪ್ರಯಾಣ ಸಾರ್ಥಕವಾಗುವುದೆಂದರೆ ಹೀಗೆ.

ಇನ್ನೊಬ್ಬರು ಇಸಾಮು ನೊಗುಚಿ. ಜಪಾನಿ ತಂದೆಗೂ ಅಮೆರಿಕದ ತಾಯಿಗೂ ಹುಟ್ಟಿದವರು. 1927ರಲ್ಲಿ ಗುಗೆನ್‌ಹೈಮ್ ವೇತನದ ಮೇಲೆ ಪ್ಯಾರಿಸ್ಸಿಗೆ ಹೋಗಿ ಬ್ರಾಂಕೂಸಿಯ ಕಾರ್ಯಾಗಾರದಲ್ಲಿ ಕೆಲವು ತಿಂಗಳು ಸಹಾಯಕರಾಗಿ ದುಡಿದರು. ಇವರಿಗೆ ಫ್ರೆಂಚ್ ಬಾರದು, ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಕಲ್ಲು, ಗರಗಸ, ಕಣ್ಣಸನ್ನೆ ಇಷ್ಟರಲ್ಲೇ ಪಾಠ ನಡೆಯಿತು. ಈ ಒಂದು ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ನಮ್ಮವರೇ ಆದ ಶೀಲಾ ಗೌಡ ಅವರ ಉದಾಹರಣೆ ಇನ್ನೂ ಹತ್ತಿರದ್ದು. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆ, ಬರೋಡ, ಶಾಂತಿನಿಕೇತನ, ಲಂಡನ್ ಎಂದು ಕಲಿತು ಬಂದರು. ಬಂದು ಕೈಯಿಟ್ಟದ್ದು ಎಲ್ಲಿಗೆ? ಸಗಣಿಗೆ, ಕುಂಕುಮಕ್ಕೆ, ಸೂಜಿದಾರಕ್ಕೆ, ರಸ್ತೆಗೆ ಟಾರು ಹಾಕುವವರ ಡ್ರಮ್ಮಿಗೆ. ನಮ್ಮ ಲಾರಿಗಳ ಬಂಪರಿಗೆ ದೃಷ್ಟಿಯಾಗದಿರಲೆಂದು ಕಟ್ಟುವ ಕೂದಲ ಹಗ್ಗವನ್ನು 2009ರಲ್ಲಿ ವೆನಿಸ್ಸಿನ ಬಿಯೆನಾಲೆಯಲ್ಲಿ ತೂಗಿಬಿಟ್ಟರು. ಇದೇನು ಕಲೆ, ಕಸ ಎಂದು ಮೂಗು ಮುರಿಯುವವರು ನಮ್ಮಲ್ಲಿ ಇದ್ದಾರೆ. ಸೆಗಣಿಯಲ್ಲಿ ನೆಲ ಸಾರಿಸಿ, ತಲೆಗೂದಲು ಹರಕೆ ಕೊಟ್ಟು ಬಂದ ಹೆಂಗಸರಿಗೆ ಅದು ಕಸವೆಂದು ಅನ್ನಿಸಲಾರದು.

ಆದ್ದರಿಂದ ಹೊರಗೆ ಹೋಗುವುದೇ ತಪ್ಪು, ನಮ್ಮ ಶಿಲ್ಪ ನಮ್ಮಲ್ಲೇ ಇರಲಿ ಎಂಬ ಗುಂಪಿಗೆ ನನ್ನನ್ನು ಯಾರೂ ಸೇರಿಸಬಾರದು. ಅಂಥವರೊಡನೆ ನನ್ನದು ಬೇರೆ ಜಗಳವಿದೆ. ಈಗ ಈ ಕಡೆಯ ಲೆಕ್ಕ ನೋಡೋಣ.

ಮುಯ್ಯಾಳಿನ ಮೊದಲ ಸೂತ್ರ ಆಳಿಗೆ ಆಳು. ಯುರೋಪಿನ ಕಲಾವಿದ ಇಲ್ಲಿಗೆ ಬರಬೇಕೆಂದರೆ ವೀಸಾ ಅವನಿಗೊಂದು ಕಾಗದದ ಕೆಲಸ. ಇಲ್ಲಿಯವನು ಅಲ್ಲಿಗೆ ಹೋಗಬೇಕೆಂದರೆ ಬ್ಯಾಂಕಿನ ಪುಸ್ತಕ, ಆದಾಯ ತೆರಿಗೆಯ ಪತ್ರ, ಮರಳಿ ಬಂದೇ ಬರುತ್ತಾನೆಂಬುದಕ್ಕೆ ಸಾಕ್ಷಿ. ಕೂಲಿಯ ಲೆಕ್ಕದಲ್ಲಿ ಕಲ್ಲು ಕೆತ್ತುವವನ ಬ್ಯಾಂಕಿನ ಪುಸ್ತಕದಲ್ಲಿ ಏನಿರುತ್ತದೆ? ಹೆಸರುವಾಸಿಯಾದವರ ಪಾಡೇ ನೋಡಿ. ದೆಹಲಿಯ ಇಂಡಿಯಾ ಗೇಟಿನ ಬಳಿ 2022ರಲ್ಲಿ ನಿಂತ ಸುಭಾಷರ ಪ್ರತಿಮೆಯನ್ನು ಕಡೆದ ಮೈಸೂರಿನ ಅರುಣ್ ಯೋಗಿರಾಜ್ ಅವರಿಗೆ, 2024ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ನಡೆದ ಕನ್ನಡಿಗರ ಸಮ್ಮೇಳನಕ್ಕೆ ಹೋಗಲು ವೀಸಾ ಸಿಕ್ಕಲಿಲ್ಲವೆಂದು ಪತ್ರಿಕೆಗಳಲ್ಲಿ ಬಂತು. ಇಡೀ ದೇಶಕ್ಕೆ ಗೊತ್ತಿರುವ ಶಿಲ್ಪಿಗೇ ಹೀಗಾದರೆ ಹಳ್ಳಿಯ ಹುಡುಗನ ಗತಿ ಏನು? ಬರುವವನಿಗೆ ಹೆದ್ದಾರಿ, ಹೋಗುವವನಿಗೆ ಕಾಲುದಾರಿ. ಇದಕ್ಕೆ ವಿನಿಮಯ ಎಂದು ಹೆಸರಿಡುವುದು ಆ ಪದಕ್ಕೆ ಮಾಡುವ ಅಪಚಾರ.

ಎರಡನೆಯದು ಭಾಷೆ. ನಾನು ಪಾಠ ಹೇಳುವುದು ಮಾಲೂರು ತಾಲ್ಲೂಕಿನಲ್ಲಿ. ನಮ್ಮ ತಾಲ್ಲೂಕಿನ ಶಿವಾರಪಟ್ಟಣ ಕಲ್ಲಿನ ಶಿಲ್ಪಕ್ಕೆ ಹೆಸರಾದ ಊರು. ಬೀದಿಯಲ್ಲಿ ನಡೆದರೆ ಉಳಿಯ ಸದ್ದು, ಮನೆಮುಂದಿನ ಚಪ್ಪರದಲ್ಲಿ ಅರ್ಧ ಮೂಡಿದ ಗಣಪತಿ, ನಂದಿ, ಆಂಜನೇಯ. ಅಲ್ಲಿಂದ ಬಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಅಪ್ಪನ ಕಸುಬು ಹಿಡಿದ. ದೇವರ ವಿಗ್ರಹ ಮಾಡುತ್ತಲೇ, ಬಿಡುವಿನಲ್ಲಿ ಮುರಿದು ಬಿದ್ದ ಕಲ್ಲಿನ ಚೂರುಗಳಲ್ಲಿ ತನ್ನ ಮನಸ್ಸಿಗೆ ತೋಚಿದ್ದನ್ನು ಕಡೆಯುತ್ತಿದ್ದ: ಕಲ್ಲು ಒಡೆಯುವ ಹೆಂಗಸಿನ ಅಂಗೈ, ಲಾರಿಯ ಹಿಂಬಾಗಿಲು, ನೀರಿಲ್ಲದ ಬೋರ್‌ವೆಲ್ಲಿನ ಬಾಯಿ. ಯಾರೋ ಹೇಳಿದರೆಂದು ವಿದೇಶದ ರೆಸಿಡೆನ್ಸಿಯೊಂದಕ್ಕೆ ಅರ್ಜಿ ಹಾಕಲು ನನ್ನ ಹತ್ತಿರ ಬಂದ. ಅರ್ಜಿ ಪೂರ್ತಿ ಇಂಗ್ಲಿಷ್. ನಿಮ್ಮ 'ಪ್ರಾಕ್ಟೀಸ್' ಕುರಿತು ಐನೂರು ಪದಗಳಲ್ಲಿ ಬರೆಯಿರಿ ಎಂದಿತ್ತು.

ನಮ್ಮ ಕಡೆ ಪ್ರಾಕ್ಟೀಸ್ ಮಾಡುವವರು ಇಬ್ಬರೇ, ಡಾಕ್ಟರು ಮತ್ತು ವಕೀಲರು. ಹುಡುಗ ನನ್ನ ಮುಖ ನೋಡಿದ. "ಅಂದರೆ ನೀನು ದಿನಾ ಏನು ಮಾಡ್ತೀಯ ಅಂತ ಕೇಳ್ತಿದಾರೆ ಕಣಪ್ಪ" ಎಂದೆ. "ಬೆಳಿಗ್ಗೆ ಆರಕ್ಕೆ ಎದ್ದು ಉಳಿ ಸಾಣೆ ಹಿಡೀತೀನಿ ಟೀಚರ್. ಆಮೇಲೆ ಕಲ್ಲು ತಟ್ಟಿ ನೋಡ್ತೀನಿ. ಸದ್ದು ಸರಿಯಾಗಿ ಬಂದ್ರೆ ಕೆಲಸಕ್ಕೆ ಕೂತ್ಕೋತೀನಿ, ಬರ್ದಿದ್ರೆ ಆ ಕಲ್ಲು ಪಕ್ಕಕ್ಕಿಡ್ತೀನಿ. ಇದನ್ನ ಐನೂರು ಪದ ಮಾಡೋದು ಹೆಂಗೆ?" ಎಂದ. ನನಗೆ ತಿಳಿದಷ್ಟು ಇಂಗ್ಲಿಷಿನಲ್ಲಿ ಅವನು ಹೇಳಿದ್ದನ್ನೇ ಬರೆದುಕೊಟ್ಟೆ. ಎರಡು ತಿಂಗಳ ಮೇಲೆ ಎರಡು ಸಾಲಿನ ಉತ್ತರ ಬಂತು. ನಿಮ್ಮ ಬರವಣಿಗೆಯಲ್ಲಿ ಪರಿಕಲ್ಪನೆಯ ಸ್ಪಷ್ಟತೆ ಸಾಲದು ಎಂದು ಅದರ ಸಾರ. ಕಲ್ಲನ್ನು ತಟ್ಟಿ, ಅದರ ನಾದದಿಂದ ಗಂಡು ಕಲ್ಲು ಯಾವುದು ಹೆಣ್ಣು ಕಲ್ಲು ಯಾವುದು ಎಂದು ಹೇಳಬಲ್ಲ ಹುಡುಗನಿಗೆ ಪರಿಕಲ್ಪನೆಯ ಸ್ಪಷ್ಟತೆ ಇಲ್ಲ! ಅವನು ಕಳಿಸಿದ್ದ ಫೋಟೋಗಳ ಬಗ್ಗೆ ಒಂದಕ್ಷರ ಇರಲಿಲ್ಲ.

ಕಲೆಗೆ ಭಾಷೆಯ ಹಂಗಿಲ್ಲ ಎಂದು ಉದ್ಘಾಟನೆಯ ಭಾಷಣದಲ್ಲಿ ಹೇಳುವವರು ಅರ್ಜಿಯನ್ನು ಮಾತ್ರ ಇಂಗ್ಲಿಷಿನಲ್ಲೇ ಏಕೆ ಕೇಳುತ್ತಾರೆ? ಬ್ರಾಂಕೂಸಿ ಇಂಗ್ಲಿಷಿನಲ್ಲಿ ಐನೂರು ಪದ ಕೇಳಿದ್ದರೆ, ನೊಗುಚಿಯಿಂದ ಫ್ರೆಂಚಿನಲ್ಲಿ ಐನೂರು ಪದ ಬಯಸಿದ್ದರೆ ಆ ಪಾಠ ನಡೆಯುತ್ತಿರಲಿಲ್ಲ. ಐನೂರು ಪದದ ಪರೀಕ್ಷೆಯಲ್ಲಿ ತೇರ್ಗಡೆಯಾಗುವವನು ಬರೆಯಬಲ್ಲವನು. ಅವನು ಕೆತ್ತಬಲ್ಲವನೂ ಆಗಿದ್ದರೆ ಅದು ಊರಿನ ಪುಣ್ಯ.

ಮೂರನೆಯದು ಕಾಲ ಮತ್ತು ತೂಕ. ನಾಲ್ಕು ವಾರ, ಆರು ವಾರ, ಹೆಚ್ಚೆಂದರೆ ಮೂರು ತಿಂಗಳು; ಇಂದಿನ ರೆಸಿಡೆನ್ಸಿಗಳ ಅವಧಿ ಬಹುಮಟ್ಟಿಗೆ ಇಷ್ಟೇ. ಕ್ಯಾಮೆರಾ ಹಿಡಿದು ಬರುವವನಿಗೆ ಇದು ಸಾಕಾಗಬಹುದು. ಶಿಲ್ಪಿಗೆ? ಹೊಸ ಊರಿನ ಗಣಿಯಲ್ಲಿ ಕಲ್ಲು ಹುಡುಕಬೇಕು, ಅದರ ನಾರು ಯಾವ ಕಡೆ ಓಡುತ್ತದೆಂದು ತಿಳಿಯಬೇಕು, ಅದಕ್ಕೆ ಒಪ್ಪುವ ಉಳಿಗೆ ಹದ ಹಾಕಬೇಕು. ಹೊಯ್ಸಳರ ಬಳಪದ ಕಲ್ಲಿನ ಮೇಲೆ ಆಡಿದ ಕೈ ಗ್ರಾನೈಟಿನ ಮೇಲೆ ಆಡುವುದಿಲ್ಲ. ಕಲ್ಲಿನ ಪರಿಚಯವಾಗುವ ಹೊತ್ತಿಗೆ ವಿಮಾನದ ಟಿಕೇಟಿನ ದಿನ ಬಂದಿರುತ್ತದೆ. ಒಂದುವೇಳೆ ಮಾಡಿ ಮುಗಿಸಿದ ಎನ್ನೋಣ. ಮೂರು ಕ್ವಿಂಟಾಲು ಕಲ್ಲನ್ನು ಯಾವ ಪೆಟ್ಟಿಗೆಯಲ್ಲಿ ಇಟ್ಟು ಊರಿಗೆ ತರುವುದು? ಹಾಗಾಗಿ ಶಿಲ್ಪಿ ನಿಧಾನವಾಗಿ ಬುದ್ಧಿವಂತನಾಗುತ್ತಾನೆ. ಕಲ್ಲು ಬಿಟ್ಟು ಕಾಗದ ಹಿಡಿಯುತ್ತಾನೆ, ತಂತಿ ಹಿಡಿಯುತ್ತಾನೆ, ಕೊನೆಗೆ ಕಲ್ಲಿನ ಫೋಟೋ ಹಿಡಿಯುತ್ತಾನೆ. ಇದು ಅವನ ಒಳಗಿನಿಂದ ಬಂದ ಬದಲಾವಣೆಯಾದರೆ ನನಗೆ ಸಂತೋಷವೇ. ಶೀಲಾ ಗೌಡ ಅವರು ಬಣ್ಣ ಬಿಟ್ಟು ಸಗಣಿ ಹಿಡಿದದ್ದು ಯಾವ ವಿಮಾನ ಕಂಪನಿಯ ತೂಕದ ಮಿತಿಗೂ ಹೆದರಿ ಅಲ್ಲ. ಆದರೆ ಮೂವತ್ತು ಕಿಲೋ ಸಾಮಾನಿನ ಮಿತಿಯೇ ಒಂದು ಪೀಳಿಗೆಯ ಶಿಲ್ಪದ ಶೈಲಿಯನ್ನು ನಿರ್ಧರಿಸುವುದಾದರೆ ಅದಕ್ಕೆ ಸಮಕಾಲೀನತೆ ಎಂದು ಹೆಸರು ಕೊಡಬೇಡಿ.

ಬೇರೆ ರೀತಿ ಮಾಡಲು ಸಾಧ್ಯವೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 1959ರಲ್ಲಿ ಆಸ್ಟ್ರಿಯಾದ ಕಾರ್ಲ್ ಪ್ರಾಂಟ್ಲ್ ಎಂಬ ಶಿಲ್ಪಿ ಸೇಂಟ್ ಮಾರ್ಗರೆಟೆನ್ ಎಂಬ ಹಳ್ಳಿಯ ಕಲ್ಲುಗಣಿಗೇ ದೇಶದೇಶದ ಶಿಲ್ಪಿಗಳನ್ನು ಕರೆದ. ಕಲ್ಲು ಹುಟ್ಟಿದಲ್ಲೇ, ಬಯಲಲ್ಲೇ ಎಲ್ಲರೂ ಕೆತ್ತಿದರು. ಶಿಲ್ಪ ಸಾಗಿಸುವ ಪ್ರಶ್ನೆ ಬರಲಿಲ್ಲ, ಶಿಲ್ಪಿಯೇ ಕಲ್ಲಿನ ಬಳಿಗೆ ಬಂದ. ಇಂದು ಜಗತ್ತಿನಾದ್ಯಂತ ನಡೆಯುವ ಶಿಲ್ಪ ಶಿಬಿರಗಳ ಮೂಲ ಆ ಗಣಿ. ನೊಗುಚಿಯವರೂ ತಮ್ಮ ಹಿರಿವಯಸ್ಸಿನಲ್ಲಿ ಹಾಗೆಯೇ ಮಾಡಿದರು. ಜಪಾನಿನ ಶಿಕೋಕು ದ್ವೀಪದ ಮುರೆ ಎಂಬ ಕಲ್ಲುಕುಟಿಗರ ಊರಿನಲ್ಲಿ ಮನೆ ಮಾಡಿ, ಮಸತೋಶಿ ಇಜುಮಿ ಎಂಬ ಅಲ್ಲಿಯ ಕಲ್ಲುಕೆಲಸದವರ ಜೊತೆ 1988ರಲ್ಲಿ ತೀರಿಕೊಳ್ಳುವವರೆಗೆ ದುಡಿದರು. ಅವರಿಗೆ ಮುರೆ ಮೂರು ದಿನದ ಪ್ರವಾಸದ ಊರಾಗಿರಲಿಲ್ಲ. 1999ರಲ್ಲಿ ಆ ಕಾರ್ಯಾಗಾರ ಸಂಗ್ರಹಾಲಯವಾಯಿತು. ಮುರೆಯಂಥ ಊರು ನಮ್ಮಲ್ಲಿ ಇಲ್ಲವೇ? ಬೆಂಗಳೂರಿನಿಂದ ಎರಡು ಗಂಟೆಯ ಬಸ್ಸಿನ ದಾರಿಯಲ್ಲಿದೆ. ಬೆಂಗಳೂರಿಗೆ ಬರುವ ವಿದೇಶಿ ಶಿಲ್ಪಿಗಳಲ್ಲಿ ಕೆಲವರು ಇಲ್ಲಿಗೂ ಬರುತ್ತಾರೆ. ಒಂದು ಹಗಲು ಇದ್ದು, ವಿಡಿಯೋ ಮಾಡಿಕೊಂಡು, ಎಳನೀರು ಕುಡಿದು ಹೋಗುತ್ತಾರೆ. ಆ ವಿಡಿಯೋದಲ್ಲಿ ನಮ್ಮ ಶಿಲ್ಪಿಗಳು ಹಿನ್ನೆಲೆಯ ಸದ್ದು.

ಕರೆದ ಮಾತ್ರಕ್ಕೆ ಕೆಲಸವಾಗುವುದಿಲ್ಲ ಎಂಬುದಕ್ಕೆ ಬ್ರಾಂಕೂಸಿಯೇ ಸಾಕ್ಷಿ. ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರರು ತಾವು ಕೊಂಡಿದ್ದ ಬ್ರಾಂಕೂಸಿಯ ಹಕ್ಕಿಗಳಿಗೆ ಒಂದು ಧ್ಯಾನಮಂದಿರ ಕಟ್ಟಿಸಬೇಕೆಂದಿದ್ದರು. 1937-38ರ ಚಳಿಗಾಲದಲ್ಲಿ ಆ ಮಹಾಶಿಲ್ಪಿ ಅಷ್ಟು ದೂರದಿಂದ ಇಂದೋರಿಗೆ ಬಂದು ಹೋದರು. ಮಂದಿರ ಏಳಲೇ ಇಲ್ಲ. ಆ ಹಕ್ಕಿಗಳಲ್ಲಿ ಎರಡು ಈಗ ಆಸ್ಟ್ರೇಲಿಯಾದ ರಾಷ್ಟ್ರೀಯ ಸಂಗ್ರಹಾಲಯದಲ್ಲಿವೆ. ನಮ್ಮ ನೆಲದಲ್ಲಿ ಉಳಿದದ್ದು ಅತಿಥಿ ಬಂದಿದ್ದರೆಂಬ ಕತೆ ಮಾತ್ರ.

ನಾಲ್ಕನೆಯದು ಹೆಂಗಸಿನ ಮಾತು. ರೋಮಿನ ಆ ಅಕಾಡೆಮಿ ತೆರೆದದ್ದು 1666ರಲ್ಲಿ ಎಂದೆನಲ್ಲ. ಶಿಲ್ಪದಲ್ಲಿ ಆ ಬಹುಮಾನ ಗೆದ್ದ ಮೊದಲ ಮಹಿಳೆ ಲೂಸಿಯೆನ್ ಹ್ಯೂವೆಲ್ಮಾನ್ಸ್, ಗೆದ್ದದ್ದು 1911ರಲ್ಲಿ. ಇನ್ನೂರ ನಲವತ್ತೈದು ವರ್ಷ ಆ ಬಾಗಿಲು ಹೆಣ್ಣು ಶಿಲ್ಪಿಗೆ ತೆರೆಯಲಿಲ್ಲ. ಈಗ ನಿಯಮದಲ್ಲಿ ಯಾವ ಅಡ್ಡಿಯೂ ಇಲ್ಲ ಎನ್ನುತ್ತಾರೆ. ಸರಿ. ಆದರೆ ಮೂರು ತಿಂಗಳು ಮನೆ ಬಿಟ್ಟು ಬಾ, ಮಕ್ಕಳನ್ನು ಕರೆತರಬೇಡ ಎಂಬ ಷರತ್ತು ಹೆಸರಿಗೆ ಎಲ್ಲರಿಗೂ ಒಂದೇ, ಬೀಳುವುದು ಮಾತ್ರ ಒಬ್ಬಳ ತಲೆಯ ಮೇಲೆ. ಗಂಡ ರೆಸಿಡೆನ್ಸಿಗೆ ಹೋದರೆ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆಂದು ಯಾರೂ ಕೇಳುವುದಿಲ್ಲ, ಉತ್ತರ ಅಡುಗೆಮನೆಯಲ್ಲಿ ನಿಂತಿರುತ್ತದೆ. ತಿರುಮಕೂಡಲು ನರಸೀಪುರದಲ್ಲಿ ಹುಟ್ಟಿದ ಕನಕಾ ಮೂರ್ತಿಯವರು ದೇವಲಕುಂದ ವಾದಿರಾಜರ ಬಳಿ ಕಲಿತು, ಹೆಣ್ಣಿಗೆ ಉಳಿ ಸುತ್ತಿಗೆ ಏಕೆ ಎನ್ನುವವರ ನಡುವೆಯೇ ಜೀವಮಾನವೆಲ್ಲ ಕಲ್ಲು ಕಡೆದರು. 2021ರಲ್ಲಿ ಕೊರೊನಾ ಅವರನ್ನು ಕೊಂಡೊಯ್ದಿತು. ಅವರ ಹಾದಿ ಹಿಡಿಯಬೇಕೆನ್ನುವ ಹುಡುಗಿಗೆ ನಮ್ಮ ವಿನಿಮಯದ ಕಾರ್ಯಕ್ರಮಗಳು ತೊಟ್ಟಿಲಿಗೊಂದು ಜಾಗ ಇಟ್ಟಿವೆಯೇ?

ಇಷ್ಟು ಹೇಳಿದ ಮೇಲೆ ಬರುವ ಆಕ್ಷೇಪಣೆಗಳೂ ನನಗೆ ಗೊತ್ತು. ಶಿವಾರಪಟ್ಟಣದವರು ಮಾಡುವುದು ಶಾಸ್ತ್ರದ ಅಳತೆಯ ನಕಲು, ಅದು ಸೃಜನಶೀಲ ಕಲೆಯಲ್ಲ ಎಂಬುದು ಒಂದು. ತಾಳಮಾನದ ಚೌಕಟ್ಟಿನೊಳಗೇ ದಾಸೋಜನೂ ಮಲ್ಲಿತಮ್ಮನೂ ದುಡಿದರು. ಆದರೂ ಒಬ್ಬನ ಕೈ ಇನ್ನೊಬ್ಬನ ಕೈಯಾಗಲಿಲ್ಲ. ಅಲ್ಲದೆ, ಚೌಕಟ್ಟಿನಿಂದ ಹೊರಬರಲು ಹೊರಗಿನ ಗಾಳಿ ಬೇಕೆಂದೇ ಅಲ್ಲವೇ ರೆಸಿಡೆನ್ಸಿ ಇರುವುದು? ಆಗಲೇ ಹೊರಬಂದವರನ್ನೇ ಮತ್ತೆ ಮತ್ತೆ ಹೊರಗೆ ಕಳಿಸಿದರೆ, ಹೊಟ್ಟೆ ತುಂಬಿದವನ ಎಲೆಗೇ ಮತ್ತೊಂದು ಒಬ್ಬಟ್ಟು ಬಡಿಸಿದಂತೆ.

ಎರಡನೆಯ ಆಕ್ಷೇಪಣೆ ಗಟ್ಟಿಯಾದದ್ದು. ಹಣ ಅವರದು, ನಿಯಮವೂ ಅವರದೇ ಎನ್ನುತ್ತಾರೆ. ನಿಜ. ಜರ್ಮನಿಯವರೋ ಫ್ರಾನ್ಸಿನವರೋ ತಮ್ಮ ಜನರ ತೆರಿಗೆಯ ಹಣದಲ್ಲಿ ತಮ್ಮ ಕಲಾವಿದರನ್ನು ಇಲ್ಲಿಗೆ ಕಳಿಸಿದರೆ ಅವರನ್ನು ದೂರುವ ಹಕ್ಕು ನಮಗಿಲ್ಲ. ಬಿಟ್ಟಿ ಊಟಕ್ಕೆ ಕೂತು ಸಾರಿಗೆ ಉಪ್ಪು ಸಾಲದೆನ್ನುವುದು ಮರ್ಯಾದೆಯಲ್ಲ. ನನ್ನ ಸಿಟ್ಟು ತಿರುಗುವುದು ಅದಕ್ಕೇ ನಮ್ಮವರ ಕಡೆಗೆ. ಮುಯ್ಯಾಳಿಗೆ ನಮ್ಮ ಆಳನ್ನು ಕಳಿಸುವ ಖರ್ಚು ನಾವು ಹೊರಬೇಕು. ಕರ್ನಾಟಕದಲ್ಲಿ ಲಲಿತಕಲೆಗೆ ಒಂದು ಅಕಾಡೆಮಿ, ಶಿಲ್ಪಕ್ಕೆ ಒಂದು ಅಕಾಡೆಮಿ ಇದೆ. ಚಿತ್ರಕಾರರು ಒಂದು ಕಡೆ, ಕಲ್ಲುಕುಟಿಗರು ಒಂದು ಕಡೆ, ನಡುವೆ ಗೋಡೆ. ಪ್ರತಿಮೆ ಎಂದರೆ ವೃತ್ತದ ನಡುವೆ ನಿಲ್ಲಿಸುವ ಮಹಾಪುರುಷ ಎಂದು ತಿಳಿದ ಸರ್ಕಾರಗಳು, ಎಲ್ಲ ಪಕ್ಷದವೂ, ಅದಕ್ಕೆ ಕೋಟಿಗಟ್ಟಲೆ ಸುರಿಯುತ್ತವೆ. ಆ ಪ್ರತಿಮೆಯನ್ನು ಮಾಡುವ ಕೈಯನ್ನು ಬೆಳೆಸಲು ಎಷ್ಟು ಕೊಡುತ್ತವೆ?

ಇನ್ನು, ಹೋದವನು ಏನು ತರಬೇಕು ಎಂಬ ಪ್ರಶ್ನೆಗೆ ನನ್ನದೊಂದು ಸಣ್ಣ ಉತ್ತರವಿದೆ. ಕಲೆಯ ಮಾತು ಹಾಗಿರಲಿ, ಧೂಳಿನ ಮಾತು ಕೇಳಿ. ಗ್ರಾನೈಟಿನಂಥ ಕಲ್ಲಿನ ಸಣ್ಣ ಧೂಳು ಶ್ವಾಸಕೋಶ ಸೇರಿ ಸಿಲಿಕೋಸಿಸ್ ಎಂಬ ಕಾಯಿಲೆ ತರುತ್ತದೆ. ಬಂದ ಮೇಲೆ ವಾಸಿಯಾಗದು. ಬಾರದಂತೆ ತಡೆಯಬಹುದು ಅಷ್ಟೆ. ಕಟಿಂಗ್ ಮೆಷಿನ್ ಬಂದ ಮೇಲೆ ಧೂಳು ಹೆಚ್ಚಿದೆ. ನಮ್ಮ ಹುಡುಗರು ಮುಖಕ್ಕೊಂದು ಟವೆಲ್ಲು ಸುತ್ತಿಕೊಂಡು ಕೂರುತ್ತಾರೆ. ಟವೆಲ್ಲು ಆ ಧೂಳನ್ನು ತಡೆಯುವುದಿಲ್ಲ. ನೀರು ಹಾಯಿಸಿ ಕತ್ತರಿಸುವುದು, ಧೂಳನ್ನು ಅಲ್ಲೇ ಎಳೆದುಕೊಳ್ಳುವ ಯಂತ್ರ, ಮೂಗಿಗೆ ಸರಿಯಾಗಿ ಕೂರುವ ಮುಖವಾಡ. ಹೊರದೇಶದ ಒಳ್ಳೆಯ ಕಾರ್ಯಾಗಾರಗಳಲ್ಲಿ ಇವು ಮಾಮೂಲು. ಒಬ್ಬ ಹುಡುಗ ಆರು ತಿಂಗಳು ಅಂಥಲ್ಲಿ ದುಡಿದು ಬಂದು ಈ ಪದ್ಧತಿಯೊಂದನ್ನೇ ತನ್ನ ಬೀದಿಗೆ ಕಲಿಸಿದರೂ ಹಲವು ಮನೆಗಳ ಆಯುಸ್ಸು ಬೆಳೆಯುತ್ತದೆ. ಇದನ್ನು ಐನೂರು ಪದಗಳಲ್ಲಿ ಯಾವ ಅರ್ಜಿಯೂ ಕೇಳುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆಗಳನ್ನು ನೇರವಾಗಿ ಇಡುತ್ತೇನೆ. ಕರ್ನಾಟಕದಲ್ಲಿ ನಡೆಯುವ ಯಾವ ವಿನಿಮಯಕ್ಕೂ ಕನ್ನಡದಲ್ಲಿ ಅರ್ಜಿ ಹಾಕಲು ಅವಕಾಶವಿರಬೇಕು. ಆಯ್ಕೆ ಮಾಡುವವರು ಕೆಲಸದ ಚಪ್ಪರಕ್ಕೆ ಬಂದು ಕೈ ನೋಡಿ ಆರಿಸಬೇಕು. ಕಲ್ಲು, ಲೋಹಗಳಲ್ಲಿ ದುಡಿಯುವವರಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದ ಅವಧಿ, ಕಲ್ಲಿನ ಬೆಲೆ, ಸಾಗಣೆಯ ಖರ್ಚು ಸೇರಿರಬೇಕು. ಮಕ್ಕಳಿರುವ ತಾಯಿ ಮಕ್ಕಳೊಂದಿಗೆ ಹೋಗುವಂತಿರಬೇಕು. ಬಂದವರೆಷ್ಟು, ಹೋದವರೆಷ್ಟು, ಹೋದವರಲ್ಲಿ ಬೆಂಗಳೂರಿನ ಹೊರಗಿನವರೆಷ್ಟು, ಹೆಂಗಸರೆಷ್ಟು ಎಂದು ವರ್ಷಕ್ಕೊಮ್ಮೆ ಪತ್ರಿಕೆಯಲ್ಲಿ ಲೆಕ್ಕ ಒಪ್ಪಿಸಬೇಕು. ಮತ್ತು ಬಂದವರಾಗಲಿ ಹೋಗಿಬಂದವರಾಗಲಿ ಒಂದು ವಾರ ಸರ್ಕಾರಿ ಶಾಲೆಯಲ್ಲಿ ಮಕ್ಕಳ ಜೊತೆ ಜೇಡಿಮಣ್ಣಿನಲ್ಲಿ ಕೈ ಕೆಸರು ಮಾಡಿಕೊಳ್ಳಬೇಕು. ಇದನ್ನು ದಾನ ಎಂದು ಯಾರೂ ಭಾವಿಸುವುದು ಬೇಡ, ಊರಿಗೆ ಕೊಡುವ ಬಾಡಿಗೆ ಎಂದು ತಿಳಿಯಲಿ. ನನ್ನ ಶಾಲೆಯ ಏಳು ಕೊಠಡಿಗಳಲ್ಲಿ ಚಿತ್ರಕಲಾ ಶಿಕ್ಷಕರ ಹುದ್ದೆ ಖಾಲಿ ಬಿದ್ದು ಒಂಬತ್ತು ವರ್ಷವಾಯಿತು. ಶಿಲ್ಪಿಗಳ ಊರಿನ ಪಕ್ಕದ ಶಾಲೆ ಇದು.

ಇವುಗಳಲ್ಲಿ ಯಾವುದೂ ಅಸಾಧ್ಯವಲ್ಲ. ಆಸ್ಟ್ರಿಯಾದ ಒಂದು ಗಣಿಯಲ್ಲಿ, ಜಪಾನಿನ ಒಂದು ಹಳ್ಳಿಯಲ್ಲಿ ಆದದ್ದು ಮಾಲೂರಿನಲ್ಲಿ ಆಗದೆ ಇರಲು ಕಾರಣವಿಲ್ಲ. ಆ ಹುಡುಗ ಈಗಲೂ ಕಲ್ಲು ಕಡೆಯುತ್ತಿದ್ದಾನೆ. ಮತ್ತೆ ಅರ್ಜಿ ಹಾಕುವುದಿಲ್ಲವೆಂದು ಹೇಳಿದ್ದಾನೆ. ಅವನನ್ನು ಒಪ್ಪಿಸುವ ಕೆಲಸ ನನ್ನದಲ್ಲ, ಅವನ ಚಪ್ಪರದವರೆಗೆ ಬಂದು ಕೇಳಬೇಕಾದವರದು. ಶಿವಾರಪಟ್ಟಣಕ್ಕೆ ಮಾಲೂರಿನಿಂದ ಬಸ್ಸಿದೆ.